ನೆಂಟರ ಮದುವೆಯಲ್ಲಿ ಮೊಬೈಲ್ ಫೋಟೋ: ಯಾವುದು ನಿಜ, ಯಾವುದು ಬರೀ ನಂಬಿಕೆ?

ಕಲಾಸಿಪಾಳ್ಯದಂಥ ಹಳೆಯ ಬಡಾವಣೆಯ ಮನೆ ಮುಂದಿನ ಶಾಮಿಯಾನವಿರಲಿ, ದೇವಸ್ಥಾನದ ಅಂಗಳವಿರಲಿ, ಬಯಲಿನಲ್ಲಿ ಮದುವೆ ಎಂದರೆ ಎಲ್ಲರ ಕೈಯಲ್ಲೂ ಮೊಬೈಲ್ ಇರುತ್ತದೆ. ಫೋಟೋಗಳ ಬಗ್ಗೆ ಬರುವ ಫಾರ್ವರ್ಡ್‌ಗಳೂ, ಹಿರಿಯರ ಮಾತುಗಳೂ ಅಷ್ಟೇ ಇವೆ. ಒಂದೊಂದಾಗಿ ನೋಡೋಣ.

ಬಿಸಿಲು ಜಾಸ್ತಿ ಇದ್ದಷ್ಟೂ ಫೋಟೋ ಚೆನ್ನಾಗಿ ಬರುತ್ತದೆಯೇ?

ಇಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಬರುತ್ತಾನೆ. ಅಭಿಜಿನ್ ಲಗ್ನದ ಮದುವೆ ನಡೆಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಆಗ ಬೆಳಕು ನೇರ ಮೇಲಿನಿಂದ ಬಿದ್ದು ಕಣ್ಣಿನ ಗುಳಿ, ಮೂಗಿನ ಕೆಳಗೆ ಕಪ್ಪು ನೆರಳು ಮೂಡುತ್ತದೆ. ಗುಂಪು ಫೋಟೋಗೆ ಮರದ ಅಥವಾ ಗೋಡೆಯ ನೆರಳಿನಲ್ಲಿ ನಿಲ್ಲಿಸಿ.

ಶಾಮಿಯಾನದೊಳಗೆ ಎಲ್ಲರ ಮುಖ ಕೆಂಪಾಗುವುದು ಕ್ಯಾಮೆರಾ ದೋಷವೇ?

ಅಲ್ಲ. ಕೆಂಪು ಬಟ್ಟೆಯ ಮೂಲಕ ಬರುವ ಬೆಳಕಿನಲ್ಲಿ ಕೆಂಪು ಬಣ್ಣವೇ ಹೆಚ್ಚು. ನಮ್ಮ ಮೆದುಳು ಅದಕ್ಕೆ ಹೊಂದಿಕೊಳ್ಳುತ್ತದೆ, ಮೊಬೈಲ್ ಪೂರ್ತಿ ಹೊಂದಿಕೊಳ್ಳುವುದಿಲ್ಲ. ಬಿಳಿ ಬೆಳಕು ಬರುವ ಅಂಚಿಗೆ ಬಂದು ತೆಗೆದರೆ ಬಣ್ಣ ಸರಿಹೋಗುತ್ತದೆ.

ಫ್ಲ್ಯಾಶ್ ಹಾಕಿದರೆ ದೂರದ ಮಂಟಪವೂ ಬೆಳಗುತ್ತದೆಯೇ?

ಇಲ್ಲ. ದೂರ ಎರಡರಷ್ಟಾದರೆ ತಲುಪುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮೊಬೈಲ್ ಫ್ಲ್ಯಾಶ್ ಕೆಲವೇ ಅಡಿಗಳಿಗೆ ಸಾಕಾಗುವಂಥದ್ದು. ಹೋಮದ ಹೊಗೆ ಇದ್ದರಂತೂ ಬೆಳಕು ಹೊಗೆಗೇ ಬಡಿದು ಚಿತ್ರ ಬಿಳಿಚಿಕೊಳ್ಳುತ್ತದೆ.

ಫ್ಲ್ಯಾಶ್‌ನಿಂದ ಮಗುವಿನ ಕಣ್ಣು ಹೋಗುತ್ತದೆಯೇ?

ಈ ಫಾರ್ವರ್ಡ್ ಸುಳ್ಳು. ಕ್ಯಾಮೆರಾ ಫ್ಲ್ಯಾಶ್ ಕ್ಷಣಮಾತ್ರದ್ದು, ಅದರ ಬೆಳಕು ಹರಡಿಹೋಗುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ಅಕ್ಷಿಪಟಲ ಪರೀಕ್ಷಿಸುವಾಗ ವೈದ್ಯರೇ ಪ್ರಖರ ಬೆಳಕು ಹಾಯಿಸುತ್ತಾರೆ. ಮಗುವಿಗೆ ಕಿರಿಕಿರಿಯಾಗಬಹುದು, ಕಣ್ಣು ಹೋಗುವುದಿಲ್ಲ.

ಆದರೆ ಹಂಚಲೇಬೇಕಾದ ಸಂಗತಿ ಬೇರೊಂದಿದೆ. ಫ್ಲ್ಯಾಶ್ ಫೋಟೋದಲ್ಲಿ ಮಗುವಿನ ಒಂದು ಕಣ್ಣಿನ ಪಾಪೆ ಕೆಂಪಾಗಿ, ಇನ್ನೊಂದು ಬೆಳ್ಳಗೆ ಕಂಡರೆ ನಿರ್ಲಕ್ಷಿಸಬೇಡಿ. ಕೆಲವೊಮ್ಮೆ ಫೋಟೋ ತೆಗೆದ ಕೋನದಿಂದಲೂ ಹಾಗೆ ಕಾಣಬಹುದು. ಆದರೆ ಪೊರೆ ಅಥವಾ ಎಳೆಯ ಮಕ್ಕಳಲ್ಲಿ ಬರುವ ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್‌ನ ಸುಳಿವೂ ಅದಾಗಿರಬಹುದು. ಬೇಗ ಪತ್ತೆಯಾದರೆ ಜೀವ ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ. ಕಲಾಸಿಪಾಳ್ಯದ ಪಕ್ಕದ ಚಾಮರಾಜಪೇಟೆಯಲ್ಲೇ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆ ಇದೆ. ಮದುವೆ ಮನೆಯಲ್ಲಿ ಎಲ್ಲರ ಮುಂದೆ ಹೇಳಿ ಗಾಬರಿಪಡಿಸದೆ, ಫೋಟೋವನ್ನು ತಾಯಿ ತಂದೆಗೆ ಮಾತ್ರ ತೋರಿಸಿ.

ಮೂವರು ನಿಂತು ಫೋಟೋ ತೆಗೆಸಿಕೊಂಡರೆ ನಡುವಿನವರಿಗೆ ಕೇಡೇ?

ಇಲ್ಲ. ಕ್ಯಾಮೆರಾ ನಿಮ್ಮ ಮೈಯಿಂದ ಚಿಮ್ಮಿದ ಬೆಳಕನ್ನು ಹಿಡಿಯುತ್ತದೆ ಅಷ್ಟೇ, ನಿಮ್ಮಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಆದರೂ ಮನೆಯ ಅಜ್ಜಿ ಬೇಡವೆಂದರೆ ವಾದ ಬೇಡ, ಇನ್ನೊಬ್ಬರನ್ನು ಕರೆದು ನಿಲ್ಲಿಸಿ.

ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸುವುದೇ ಒಳ್ಳೆಯದೇ?

ಅರ್ಧ ನಿಜ. ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗಿ ಸ್ಪಷ್ಟತೆ ಕಡಿಮೆಯಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಗುಣಮಟ್ಟ ಉಳಿಯುತ್ತದೆ. ಆದರೆ ಕ್ಯಾಮೆರಾದ ಲೊಕೇಶನ್ ಆನ್ ಇದ್ದರೆ ಫೋಟೋ ತೆಗೆದ ಜಾಗದ ವಿವರವೂ ಜೊತೆಗೇ ಹೋಗುತ್ತದೆ. ಮನೆಯಲ್ಲಿ ತೆಗೆದ ಚಿತ್ರವಾದರೆ ಅದು ಮನೆಯ ವಿಳಾಸವೇ. ಅದನ್ನು ಆಫ್ ಮಾಡಿಕೊಳ್ಳಿ. ವಿಳಾಸ, ಫೋನ್ ನಂಬರ್ ಇರುವ ಲಗ್ನಪತ್ರಿಕೆಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಮನೆ ಯಾವ ದಿನ ಖಾಲಿ ಇರುತ್ತದೆ ಎಂಬುದನ್ನೂ ಅದು ಹೇಳುತ್ತದೆ.

ನಾನು ತೆಗೆದ ಫೋಟೋ ನನ್ನದಲ್ಲವೇ?

ಹೌದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು. ಆದರೆ ಹಕ್ಕು ಇದೆಯೆಂದು ಹಾಕಲೇಬೇಕೆಂದಿಲ್ಲ. ಮದುಮಕ್ಕಳು ತಾವೇ ಹಂಚುವ ಮೊದಲು ನೀವು ಸ್ಟೇಟಸ್‌ಗೆ ಹಾಕಬೇಡಿ. ಬೇರೆಯವರ ಮಕ್ಕಳ ಫೋಟೋ ಹಾಕುವ ಮುನ್ನ ಹೆತ್ತವರನ್ನು ಕೇಳಿ.

ಇನ್ನೊಂದು ಮಾತು: ಧಾರೆ ಎರೆಯುವಾಗ, ಮಾಂಗಲ್ಯ ಕಟ್ಟುವಾಗ ಮುಂದೆ ನುಗ್ಗಬೇಡಿ. ಮದುವೆಯವರು ಗೊತ್ತುಮಾಡಿದ ಛಾಯಾಗ್ರಾಹಕರಿಗೆ ಆ ಕ್ಷಣ ಮತ್ತೆ ಸಿಗದು, ಹಿಂದೆ ಕುಳಿತ ಹಿರಿಯರಿಗೂ ಸಿಗದು. ಆ ಒಂದೆರಡು ನಿಮಿಷ ಮೊಬೈಲ್ ಜೇಬಿನಲ್ಲಿರಲಿ, ಕೈಯಲ್ಲಿ ಅಕ್ಷತೆ ಇರಲಿ.