ಎಣಿಕೆಯ ಅಂಕಣಕ್ಕೆ ಬಾರದ ಸಾವುಗಳು

ಅಂತಾರಾಷ್ಟ್ರೀಯ ಸಂಬಂಧಗಳ ಅಧ್ಯಯನಕ್ಕೆ ಮೊದಲ ಪೀಠ ಸ್ಥಾಪನೆಯಾದದ್ದು 1919ರಲ್ಲಿ, ವೇಲ್ಸ್‌ನ ಅಬೆರಿಸ್ಟ್ವಿತ್‌ನಲ್ಲಿ. ಮಹಾಯುದ್ಧದಲ್ಲಿ ಮಡಿದ ವಿದ್ಯಾರ್ಥಿಗಳ ಸ್ಮರಣೆಗೆ. (ಅದು ವೆಲ್ಷ್ ನುಡಿಯ ಸೀಮೆಯೆಂಬುದನ್ನು ಅಲ್ಪಸಂಖ್ಯಾತ ಭಾಷೆಗಳ ಅಭ್ಯಾಸಿಗಳು ಗಮನಿಸದಿರಲಾರರು.) ಯುದ್ಧದ ಸಾವುಗಳ ಎಣಿಕೆ ಆ ಶಿಸ್ತಿನಲ್ಲಿ ಬೃಹತ್ ಯೋಜನೆಯ ರೂಪ ತಳೆದದ್ದು 1963ರಲ್ಲಿ, ಮಿಶಿಗನ್ ವಿಶ್ವವಿದ್ಯಾಲಯದ ಜೆ. ಡೇವಿಡ್ ಸಿಂಗರ್ ಆರಂಭಿಸಿದ ‘ಕೋರಿಲೇಟ್ಸ್ ಆಫ್ ವಾರ್’ನಿಂದ. ರಾಜ್ಯರಾಜ್ಯಗಳ ನಡುವಿನ ಕದನದಲ್ಲಿ ಕನಿಷ್ಠ 1,000 ಯೋಧರು ಸತ್ತರೆ ಅದು ಯುದ್ಧ. 1920ರ ನಂತರದ ‘ರಾಜ್ಯ’ವೆಂದರೆ ರಾಷ್ಟ್ರಸಂಘದ ಅಥವಾ ವಿಶ್ವಸಂಸ್ಥೆಯ ಸದಸ್ಯ, ಇಲ್ಲವೇ 5 ಲಕ್ಷ ಜನಸಂಖ್ಯೆಯಿದ್ದು ಎರಡು ಮಹಾಶಕ್ತಿಗಳ ರಾಯಭಾರ ಕಚೇರಿಗಳನ್ನು ಹೊಂದಿರುವ ದೇಶ. ಅಳತೆ ವಿವೇಚನೆಯ ಸ್ಥಾನವನ್ನು ತುಂಬಲಾರದೆಂದು ಹೆಡ್ಲಿ ಬುಲ್ 1966ರಲ್ಲಿ ವಾದಿಸಿದರು. ಪದವಿ ತರಗತಿಯಲ್ಲಿ ಈ ಜಗಳವನ್ನು ಪರಿಮಾಣಾತ್ಮಕ, ಗುಣಾತ್ಮಕ ಎಂದು ಹಲಗೆಯ ಮೇಲೆ ಎರಡು ಸಾಲಾಗಿ ಬರೆದು ಮುಗಿಸುವುದುಂಟು. ವ್ಯಾಖ್ಯೆಯ ಪ್ರಶ್ನೆ ಅಲ್ಲಿಯೇ ಕೈಬಿಟ್ಟುಹೋಗುತ್ತದೆ.

ಹೈದರಾಬಾದನ್ನು ಈ ನಿಯಮಕ್ಕೆ ಒಡ್ಡಿದರೆ ವಿದ್ಯಾರ್ಥಿಗೆ ಅದು ಎದುರಾಗುತ್ತದೆ. 1941ರ ಗಣತಿಯಂತೆ ಸಂಸ್ಥಾನದ ಜನಸಂಖ್ಯೆ 1.6 ಕೋಟಿಗೂ ಹೆಚ್ಚು. 1948ರ ಆಗಸ್ಟ್‌ನಲ್ಲಿ ನಿಜಾಮರ ಸರ್ಕಾರ ಭದ್ರತಾ ಮಂಡಳಿಗೆ ದೂರನ್ನೂ ಸಲ್ಲಿಸಿತ್ತು. ಆದರೆ ಸದಸ್ಯತ್ವವಿಲ್ಲ, ಮಹಾಶಕ್ತಿಗಳ ರಾಯಭಾರ ಕಚೇರಿಗಳಿಲ್ಲ. ಆದ್ದರಿಂದ ನಿಯಮದ ಪ್ರಕಾರ ಅದು ರಾಜ್ಯವಲ್ಲ, ಸೆಪ್ಟೆಂಬರ್ 13ರಿಂದ 18ರವರೆಗಿನ ಕಾರ್ಯಾಚರಣೆ ಅಂತಾರಾಷ್ಟ್ರೀಯ ಯುದ್ಧವೂ ಅಲ್ಲ.

ಸಾವುಗಳ ಲೆಕ್ಕ ಇನ್ನೂ ಕಠಿಣವಾದದ್ದು. ರಜಾಕಾರರ ಹಿಂಸೆಗೆ ಬಲಿಯಾದ ಹಳ್ಳಿಗರು ಯೋಧರಲ್ಲ. ಕಾರ್ಯಾಚರಣೆಯ ಸಮಯದಲ್ಲೂ ಆ ಬಳಿಕವೂ ಕೊಲೆಯಾದವರು, ಬಹುಪಾಲು ಮುಸ್ಲಿಮರು, ಅವರೂ ಯೋಧರಲ್ಲ. ನೆಹರೂ ಕಳುಹಿಸಿದ ಪಂಡಿತ ಸುಂದರಲಾಲರ ತಂಡ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿತು. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳು ಅತಿ ಹೆಚ್ಚು ನೊಂದವೆಂದಿತು. ಇಂದಿನ ಗಡಿಯ ಇಬ್ಬದಿಗೂ ಹಂಚಿಹೋಗಿರುವ ಜಿಲ್ಲೆಗಳವು. ಸರ್ಕಾರ ಆ ವರದಿಯನ್ನು ಆಗ ಪ್ರಕಟಿಸಲಿಲ್ಲ. ಪ್ರಕಟಿಸಿದ್ದರೂ ಸಿಂಗರರ ಅಂಕಣದಲ್ಲಿ ಈ ಸಾವುಗಳಿಗೆ ಎಡೆಯಿರುತ್ತಿರಲಿಲ್ಲ.

ಇದನ್ನು ಅಂಕಿಸಂಖ್ಯೆಯ ಸೋಲೆಂದು ಕಲಿಸುವುದು ಅವಸರದ ಪಾಠ. ಸಿಂಗರರ ನಿಯಮ ಬಹಿರಂಗವಾಗಿರುವುದರಿಂದಲೇ ಅದು ಯಾರನ್ನು ಹೊರಗಿಟ್ಟಿತೆಂದು ಹೇಳಲು ಸಾಧ್ಯ. ಬುಲ್ ಮೆಚ್ಚಿದ ವಿವೇಚನೆ ಅಂಥ ಗುರುತನ್ನು ಎಷ್ಟೋ ಬಾರಿ ಉಳಿಸುವುದಿಲ್ಲ. ನಿಯಮವನ್ನು ಸಡಿಲಿಸಬಯಸುವ ವಿದ್ಯಾರ್ಥಿ ಅದನ್ನು ಗೋವೆಗೂ ಅನ್ವಯಿಸಿ ನೋಡಬೇಕು. 1961ರ ಡಿಸೆಂಬರ್‌ನಲ್ಲಿ ಅಲ್ಲಿ ಎದುರುಬದುರಾದ ಭಾರತ, ಪೋರ್ಚುಗಲ್ ಎರಡೂ ನಿರ್ವಿವಾದವಾಗಿ ರಾಜ್ಯಗಳು. ಸತ್ತ ಯೋಧರ ಸಂಖ್ಯೆ ಮಾತ್ರ ನೂರನ್ನೂ ಮುಟ್ಟಲಿಲ್ಲ.