ನಿಯಮಿತ ರಕ್ತದಾನ: ಏಕೆ? ಹೇಗೆ? ಯಾರು?

ಅನ್ನದಾನ, ವಿದ್ಯಾದಾನಗಳ ಸಾಲಿನಲ್ಲಿ ರಕ್ತದಾನಕ್ಕೂ ಇಂದು ಮಹಾದಾನದ ಸ್ಥಾನ ದೊರೆತಿದೆ. ವೈದ್ಯವಿಜ್ಞಾನವು ಎಷ್ಟೇ ಮುಂದುವರಿದಿದ್ದರೂ ಮಾನವ ರಕ್ತಕ್ಕೆ ಸಂಪೂರ್ಣ ಪರ್ಯಾಯವಾಗಬಲ್ಲ ಕೃತಕ ದ್ರವವನ್ನು ಸಿದ್ಧಪಡಿಸಲು ಇದುವರೆಗೆ ಸಾಧ್ಯವಾಗಿಲ್ಲ. ಮನುಷ್ಯನಿಗೆ ಬೇಕಾದ ರಕ್ತವನ್ನು ಮನುಷ್ಯನೇ ಕೊಡಬೇಕು. ಆದರೆ ಬಹುತೇಕರು ರಕ್ತದಾನದ ಬಗ್ಗೆ ಯೋಚಿಸುವುದು ಬಂಧುಗಳೋ ಮಿತ್ರರೋ ಆಸ್ಪತ್ರೆ ಸೇರಿದಾಗ ಮಾತ್ರ. ರಕ್ತನಿಧಿಗಳಿಗೆ ನಿಜವಾದ ಆಧಾರವಾಗಿರುವವರು ಯಾರ ಕರೆಗೂ ಕಾಯದೆ, ನಿಗದಿತ ಅಂತರದಲ್ಲಿ ಮತ್ತೆ ಮತ್ತೆ ಬಂದು ರಕ್ತ ನೀಡುವ ದಾನಿಗಳು.

ಕೂಡಿಡಲಾಗದ ಸಂಪತ್ತು

ರಕ್ತವನ್ನು ಬಹುಕಾಲ ಶೇಖರಿಸಿಡಲು ಬರುವುದಿಲ್ಲ. ದಾನಿಯಿಂದ ಪಡೆದ ರಕ್ತವನ್ನು ಕೆಂಪು ರಕ್ತಕಣ, ಪ್ಲೇಟ್‌ಲೆಟ್ ಮತ್ತು ಪ್ಲಾಸ್ಮಾ ಎಂದು ಬೇರ್ಪಡಿಸಲಾಗುತ್ತದೆ. ಹೀಗೆ ಒಬ್ಬರ ರಕ್ತವು ಮೂವರು ರೋಗಿಗಳಿಗೆ ನೆರವಾಗಬಲ್ಲದು. ಕೆಂಪು ರಕ್ತಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ, ಬಳಸಿದ ಸಂರಕ್ಷಕ ದ್ರಾವಣಕ್ಕೆ ಅನುಗುಣವಾಗಿ 35ರಿಂದ 42 ದಿನಗಳವರೆಗೆ ಇಡಬಹುದು. ಘನೀಕರಿಸಿದ ಪ್ಲಾಸ್ಮಾ ಒಂದು ವರ್ಷದವರೆಗೆ ಬಾಳುತ್ತದೆ. ಡೆಂಗೆ ತೀವ್ರಗೊಂಡು ರಕ್ತಸ್ರಾವವಾಗುತ್ತಿರುವವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಬೇಕಾಗುವ ಪ್ಲೇಟ್‌ಲೆಟ್‌ಗಳ ಆಯುಷ್ಯವಾದರೋ ಕೇವಲ 5 ದಿನ.

ನೆಚ್ಚಿನ ನಾಯಕರ ಅಥವಾ ನಟರ ಹುಟ್ಟುಹಬ್ಬದಂದು ಏರ್ಪಡುವ ಬೃಹತ್ ಶಿಬಿರಗಳಿಂದಷ್ಟೇ ಸಮಸ್ಯೆ ಬಗೆಹರಿಯದಿರಲು ಇದೇ ಕಾರಣ. ಒಂದೇ ದಿನ ಹರಿದುಬಂದ ರಕ್ತ ಬಳಕೆಯಾಗುವ ಮುನ್ನವೇ ಅವಧಿ ಮೀರಬಹುದು. ಅಂದು ರಕ್ತ ನೀಡಿದವರೆಲ್ಲರೂ ಮುಂದಿನ ಮೂರು ತಿಂಗಳು ಪುನಃ ನೀಡುವಂತಿಲ್ಲ. ಕಾಲೇಜುಗಳಿಗೆ ರಜೆ ಬರುವ ಬೇಸಿಗೆಯಲ್ಲಿ ಶಿಬಿರಗಳು ಕಡಿಮೆಯಾಗಿ ಕೊರತೆ ತಲೆದೋರುವುದುಂಟು. 2020ರಲ್ಲಿ ಕೋವಿಡ್ ಲಾಕ್‌ಡೌನ್‌ನಿಂದಾಗಿ ಕಾಲೇಜು, ಕಚೇರಿಗಳು ಮುಚ್ಚಿ ಶಿಬಿರಗಳು ನಿಂತುಹೋದಾಗ ಈ ಕೊರತೆಯ ತೀವ್ರತೆ ಎಲ್ಲೆಡೆ ಅನುಭವಕ್ಕೆ ಬಂದಿತು.

ಒಂದು ಮಗುವಿನ ಲೆಕ್ಕ

ಥಲಸ್ಸೀಮಿಯಾ ಮೇಜರ್ ಎಂಬ ಆನುವಂಶಿಕ ರೋಗವಿರುವ ಮಕ್ಕಳ ದೇಹವು ಸಾಕಷ್ಟು ಹಿಮೋಗ್ಲೋಬಿನ್ ಉತ್ಪಾದಿಸಲಾರದು. ಇವರಿಗೆ ಸಾಮಾನ್ಯವಾಗಿ 2ರಿಂದ 4 ವಾರಗಳಿಗೊಮ್ಮೆ ರಕ್ತ ಕೊಡಬೇಕಾಗುತ್ತದೆ. ಮೂರು ವಾರಕ್ಕೆ ಒಂದು ಯೂನಿಟ್‌ನಂತೆ ಲೆಕ್ಕ ಹಾಕಿದರೂ ವರ್ಷಕ್ಕೆ 17 ಯೂನಿಟ್ ಆಯಿತು. ಅಂದರೆ ವರ್ಷಕ್ಕೆ ಎರಡು ಬಾರಿ ತಪ್ಪದೆ ರಕ್ತ ನೀಡುವ 9 ಮಂದಿ ಇದ್ದರೆ ಮಾತ್ರ ಇಂತಹ ಒಂದು ಮಗುವಿನ ಒಂದು ವರ್ಷ ನಿರಾತಂಕವಾಗಿ ಸಾಗೀತು. ಮಗು ಬೆಳೆದಂತೆ ಅಗತ್ಯವೂ ಬೆಳೆಯುತ್ತದೆ. ಅಪಘಾತ, ಹೆರಿಗೆಯ ಸಂದರ್ಭದ ರಕ್ತಸ್ರಾವಗಳು ಮುನ್ಸೂಚನೆ ಕೊಟ್ಟು ಬರುವುದಿಲ್ಲ. ಈ ಮಕ್ಕಳ ಅಗತ್ಯವಾದರೋ ದಿನಾಂಕ ಸಹಿತ ಮೊದಲೇ ಗೊತ್ತಿರುತ್ತದೆ. ಆದರೂ ಪ್ರತಿ ಬಾರಿ ದಾನಿಗಳಿಗಾಗಿ ಹೆತ್ತವರು ಅಲೆಯಬೇಕಾದರೆ ಅದಕ್ಕೆ ನಿಯಮಿತ ದಾನಿಗಳ ಅಭಾವವೇ ಮುಖ್ಯ ಕಾರಣ.

ಸುರಕ್ಷತೆಯ ಪ್ರಶ್ನೆ

ವಿಯೆನ್ನಾದ ವಿಜ್ಞಾನಿ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ಪ್ರಕಟಪಡಿಸಿದ ಬಳಿಕವೇ ಸುರಕ್ಷಿತ ರಕ್ತಪೂರಣಕ್ಕೆ ದಾರಿಯಾಯಿತು. ಅವರ ಜನ್ಮದಿನವಾದ ಜೂನ್ 14ನ್ನು ವಿಶ್ವ ರಕ್ತದಾನಿಗಳ ದಿನವನ್ನಾಗಿ ಆಚರಿಸಲಾಗುತ್ತಿದೆ. ಆದರೆ ಗುಂಪು ಹೊಂದಿದ ಮಾತ್ರಕ್ಕೆ ರಕ್ತ ಸುರಕ್ಷಿತವೆನಿಸುವುದಿಲ್ಲ. ಭಾರತದಲ್ಲಿ ಹಣಕ್ಕಾಗಿ ರಕ್ತ ಮಾರುವ ಪದ್ಧತಿ ಒಂದು ಕಾಲದಲ್ಲಿ ವ್ಯಾಪಕವಾಗಿತ್ತು. ಸುಪ್ರೀಂ ಕೋರ್ಟ್ 1996ರಲ್ಲಿ ನೀಡಿದ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ವೃತ್ತಿಪರ ದಾನಿಗಳಿಂದ ರಕ್ತ ಪಡೆಯುವುದನ್ನು ನಿಷೇಧಿಸಲಾಯಿತು.

ಸಂಗ್ರಹಿಸಿದ ಪ್ರತಿ ಯೂನಿಟ್ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಹಾಗೂ ಮಲೇರಿಯಾ ಪರೀಕ್ಷೆಗೆ ಒಳಪಡಿಸುವುದು ಕಡ್ಡಾಯ. ಆದಾಗ್ಯೂ ಸೋಂಕು ತಗುಲಿದ ಆರಂಭದ ದಿನಗಳಲ್ಲಿ ಅದು ಪರೀಕ್ಷೆಯಲ್ಲಿ ಪತ್ತೆಯಾಗದಿರುವ ಸಾಧ್ಯತೆ ಇದೆ. ಆದ್ದರಿಂದ ದಾನಿಯ ಪ್ರಾಮಾಣಿಕತೆಯೂ ಪರೀಕ್ಷೆಯಷ್ಟೇ ಮುಖ್ಯ. ಬಂಧುಗಳ ಒತ್ತಡಕ್ಕೆ ಕಟ್ಟುಬಿದ್ದು ಬಂದವರು ಆರೋಗ್ಯದ ವಿವರಗಳನ್ನು ಮುಚ್ಚಿಡಬಹುದು. ಸ್ವಇಚ್ಛೆಯಿಂದ ಬರುವವರಿಗೆ ಆ ಒತ್ತಡವಿಲ್ಲ. ಮೇಲಾಗಿ ನಿಯಮಿತ ದಾನಿಯ ರಕ್ತವು ಪ್ರತಿ ಬಾರಿಯೂ ಪರೀಕ್ಷೆಗೊಳಗಾಗಿರುತ್ತದೆ.

ಯಾರು ನೀಡಬಹುದು?

* ವಯಸ್ಸು 18ರಿಂದ 65 ವರ್ಷದೊಳಗಿರಬೇಕು. ಮೊದಲ ಬಾರಿ ನೀಡುವವರು 60 ವರ್ಷ ಮೀರಿರಬಾರದು.
* ದೇಹದ ತೂಕ ಕನಿಷ್ಠ 45 ಕಿಲೋ ಹಾಗೂ ಹಿಮೋಗ್ಲೋಬಿನ್ ಪ್ರಮಾಣ 12.5 ಗ್ರಾಂ ಇರಬೇಕು.
* ಪುರುಷರು 90 ದಿನಗಳಿಗೊಮ್ಮೆ, ಮಹಿಳೆಯರು 120 ದಿನಗಳಿಗೊಮ್ಮೆ ನೀಡಬಹುದು.
* ಗರ್ಭಿಣಿಯರು, ಮಗುವಿಗೆ ಹಾಲೂಡಿಸುತ್ತಿರುವ ತಾಯಂದಿರು ನೀಡಬಾರದು.
* ಯಾವುದೇ ಔಷಧಿ ಸೇವಿಸುತ್ತಿದ್ದಲ್ಲಿ, ಇತ್ತೀಚೆಗೆ ಜ್ವರ ಬಂದಿದ್ದಲ್ಲಿ ಅಥವಾ ಶಸ್ತ್ರಚಿಕಿತ್ಸೆ ಆಗಿದ್ದಲ್ಲಿ ರಕ್ತನಿಧಿಯ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು.

ಭಯ ಅನಗತ್ಯ

ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ದಾನಿಯ ತೂಕಕ್ಕೆ ಅನುಗುಣವಾಗಿ ಪಡೆಯುವುದು 350 ಅಥವಾ 450 ಮಿಲಿಲೀಟರ್ ಮಾತ್ರ. ರಕ್ತ ಹರಿಯಲು ಬೇಕಾಗುವ ಸಮಯ ಹತ್ತು ನಿಮಿಷದ ಆಸುಪಾಸು. ಕಳೆದುಹೋದ ದ್ರವಾಂಶ ಒಂದೆರಡು ದಿನಗಳಲ್ಲೂ, ಕೆಂಪು ರಕ್ತಕಣಗಳು ಕೆಲವು ವಾರಗಳಲ್ಲೂ ಮರುಪೂರಣಗೊಳ್ಳುತ್ತವೆ. ಕಬ್ಬಿಣದ ಅಂಶ ತುಂಬಿಕೊಳ್ಳಲು ಇದಕ್ಕಿಂತ ಹೆಚ್ಚು ಕಾಲ ಬೇಕಾಗುವುದರಿಂದಲೇ ಎರಡು ದಾನಗಳ ನಡುವೆ ತಿಂಗಳುಗಳ ಅಂತರವನ್ನು ವಿಧಿಸಲಾಗಿದೆ. ನಿಯಮಿತ ದಾನಿಗಳು ಸೊಪ್ಪು, ಕಾಳು, ರಾಗಿಯಂತಹ ಆಹಾರದ ಕಡೆಗೆ ಗಮನ ಕೊಡುವುದು ಒಳಿತು. ಖಾಲಿ ಹೊಟ್ಟೆಯಲ್ಲಿ ರಕ್ತ ನೀಡಬಾರದು. ನೀಡಿದ ನಂತರ ಕೆಲಹೊತ್ತು ವಿಶ್ರಮಿಸಿ, ಸಾಕಷ್ಟು ನೀರು ಕುಡಿದು, ಆ ದಿನ ಭಾರ ಎತ್ತುವ ಕೆಲಸದಿಂದ ದೂರವಿದ್ದರೆ ಸಾಕು.

ಜನಸಂಖ್ಯೆಯ ಶೇ. 1ರಷ್ಟು ಮಂದಿ ರಕ್ತ ನೀಡಿದರೆ ಒಂದು ದೇಶದ ಮೂಲಭೂತ ಅಗತ್ಯ ಬಹುಮಟ್ಟಿಗೆ ಪೂರೈಕೆಯಾಗುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2011ರ ಜನಗಣತಿಯಂತೆ 6.11 ಕೋಟಿ ಜನರಿದ್ದ ಕರ್ನಾಟಕಕ್ಕೆ ಈ ಲೆಕ್ಕ ಅನ್ವಯಿಸಿದರೆ ಸುಮಾರು 6 ಲಕ್ಷ ದಾನಿಗಳು ಸಾಕು. 20ನೆಯ ವಯಸ್ಸಿನಲ್ಲಿ ಆರಂಭಿಸಿ ವರ್ಷಕ್ಕೆ ಎರಡು ಬಾರಿ ರಕ್ತ ನೀಡುತ್ತಾ ಬಂದವರು 60 ತುಂಬುವ ವೇಳೆಗೆ 80 ಬಾರಿ ನೀಡಿರುತ್ತಾರೆ. ಅವರ ರಕ್ತದಿಂದ ಯಾರು ಬದುಕುಳಿದರೆಂಬುದು ಅವರಿಗೆ ಎಂದೂ ತಿಳಿಯದಿರಬಹುದು. ಮೊದಲ ದಾನದ ದಿನವೇ ಮುಂದಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳುವುದೇ ಈ ಸೇವೆಗೆ ಸರಳವಾದ ಆರಂಭ.