ಎತ್ತಿನ ಗಾಡಿಯಿಂದ ನಕ್ಷತ್ರಕೂಟಕ್ಕೆ

ಗುಜರಾತಿನ ಸಾರಿಗೆಯ ಚರಿತ್ರೆಯಲ್ಲಿ ಎತ್ತುಗಳು ಎರಡು ಬಾರಿ ಗಮನ ಸೆಳೆಯುತ್ತವೆ. ಮೊದಲನೆಯದು 1862ರಲ್ಲಿ. ಬರೋಡಾದ ಮಹಾರಾಜ ಖಂಡೇರಾವ್ ಗಾಯಕವಾಡರ ಕಾಲದಲ್ಲಿ ದಭೋಯಿ ಮತ್ತು ಮಿಯಾಗಾಮ್‌ಗಳ ನಡುವೆ ಎರಡೂವರೆ ಅಡಿ ಅಗಲದ ಕಿರುಹಳಿಯನ್ನು ಹಾಸಲಾಯಿತು. ಅದರ ಮೇಲಿನ ಬಂಡಿಗಳನ್ನು ಮೊದಮೊದಲು ಎಳೆದದ್ದು ಎತ್ತುಗಳೇ. ಮಿಯಾಗಾಮ್‌ನಲ್ಲಿ ಈ ಹಳಿ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯ ಐದೂವರೆ ಅಡಿಯ ದೊಡ್ಡ ಹಳಿಯನ್ನು ಸಂಧಿಸುತ್ತಿತ್ತು. ಸಂಧಿಸುತ್ತಿತ್ತೇ ಹೊರತು ಕೂಡುತ್ತಿರಲಿಲ್ಲ. ಒಂದು ಬಂಡಿಯಿಂದ ಇಳಿಸಿದ ಸರಕನ್ನು ಇನ್ನೊಂದಕ್ಕೆ ಹೊರಬೇಕಾಗಿತ್ತು.

ಎರಡನೆಯದು 1932ರ ಅಕ್ಟೋಬರ್ 15ರಂದು. ಆ ಬೆಳಿಗ್ಗೆ ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಅಂಚೆಚೀಲಗಳನ್ನು ಹೊತ್ತು ಮುಂಬಯಿಗೆ ಹೊರಟರು. ನಡುವೆ ಇಳಿದದ್ದು ಅಹಮದಾಬಾದಿನಲ್ಲಿ. ಅಲ್ಲಿ ವಿಮಾನಕ್ಕೆ ಬೇಕಾದ ಬರ್ಮಾ ಷೆಲ್ ಕಂಪನಿಯ ಇಂಧನದ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು. ಮುಂಬಯಿಯ ಜುಹುವಿನಿಂದ ಮುಂದೆ ಅಂಚೆಯನ್ನು ಒಯ್ದವರು ಅವರ ಪಾಲುದಾರ ನೆವಿಲ್ ವಿನ್ಸೆಂಟ್. ಅವರ ದಾರಿ ನಮ್ಮ ಬಳ್ಳಾರಿಯ ಮೂಲಕ ಮದ್ರಾಸಿಗೆ ಹೋಗುತ್ತಿತ್ತು. ಇಂದಿನ ಏರ್ ಇಂಡಿಯಾದ ಮೊದಲ ಪಯಣವು ಹೀಗೆ ಗುಜರಾತಿನ ನೆಲವನ್ನೂ ಕನ್ನಡದ ನೆಲವನ್ನೂ ಮುಟ್ಟಿತ್ತು.

ಈ ಘಟನೆಯನ್ನು ಸಾಹಸಗಾಥೆಯಾಗಿ ಹೇಳುವುದು ವಾಡಿಕೆ. ಆದರೆ ಅದರೊಳಗೆ ಒಂದು ವ್ಯಾಪಾರದ ಸತ್ಯವಿದೆ. ಆ ಅಂಚೆ ಹೊರಟಿದ್ದುದು ಲಂಡನ್ನಿನಿಂದ. ಅದನ್ನು ಕರಾಚಿಯವರೆಗೆ ತಂದದ್ದು ಬ್ರಿಟಿಷರ ಇಂಪೀರಿಯಲ್ ಏರ್‌ವೇಸ್; ಆ ಮಾರ್ಗ 1929ರಿಂದಲೇ ನಡೆಯುತ್ತಿತ್ತು. ಟಾಟಾ ಅವರ ವಿಮಾನವಿಲ್ಲದೆ ಆ ಕಾಗದಗಳು ಕರಾಚಿಯಲ್ಲಿ ರೈಲು ಹತ್ತಬೇಕಾಗಿತ್ತು. ಇಂಪೀರಿಯಲ್ ವಿಮಾನವಿಲ್ಲದೆ ಟಾಟಾ ಅವರಿಗೆ ಹೊರಲು ಕಾಗದಗಳೇ ಇರುತ್ತಿರಲಿಲ್ಲ. ಭಾರತದ ವಾಯುಯಾನವು ಹುಟ್ಟಿದ್ದೇ ಇನ್ನೊಬ್ಬರ ಮಾರ್ಗಕ್ಕೆ ಜೋಡಣೆಯಾಗಿ.

ಎಂಬತ್ತೆರಡು ವರ್ಷಗಳ ಬಳಿಕ, 2014ರ ಜುಲೈ 11ರಂದು, ಅದೇ ಸಂಸ್ಥೆ ಸ್ಟಾರ್ ಅಲಯನ್ಸ್ ಎಂಬ ಜಾಗತಿಕ ಒಕ್ಕೂಟವನ್ನು ಸೇರಿತು. 1997ರಲ್ಲಿ ಲುಫ್ತಾನ್ಸಾ, ಯುನೈಟೆಡ್, ಏರ್ ಕೆನಡಾ, ಥಾಯ್ ಮತ್ತು ಸ್ಕ್ಯಾಂಡಿನೇವಿಯನ್ ಸಂಸ್ಥೆಗಳು ಕೂಡಿ ಕಟ್ಟಿದ ಕೂಟವಿದು. ಏರ್ ಇಂಡಿಯಾಕ್ಕೆ ಆಹ್ವಾನ ಬಂದದ್ದು 2007ರ ಡಿಸೆಂಬರಿನಲ್ಲಿ. ಅದೇ ವರ್ಷ ಇಂಡಿಯನ್ ಏರ್‌ಲೈನ್ಸ್ ಜೊತೆ ವಿಲೀನವಾಗಿದ್ದ ಸಂಸ್ಥೆಗೆ ತನ್ನೊಳಗಿನ ಎರಡು ಮನೆಗಳನ್ನು ಒಂದು ಮಾಡುವುದೇ ಕಷ್ಟವಾಗಿತ್ತು. ಸೇರ್ಪಡೆಯ ಷರತ್ತುಗಳು ಪೂರೈಸಿಲ್ಲವೆಂದು 2011ರಲ್ಲಿ ಒಕ್ಕೂಟವು ಪ್ರಕ್ರಿಯೆಯನ್ನು ಸ್ಥಗಿತಗೊಳಿಸಿತು. ಎರಡು ವರ್ಷಗಳ ನಂತರ ಮಾತುಕತೆ ಮತ್ತೆ ಚಿಗುರಿತು. ಜಾಗತಿಕ ಒಕ್ಕೂಟವೊಂದನ್ನು ಸೇರಿದ ಮೊದಲ ಭಾರತೀಯ ವಿಮಾನಸಂಸ್ಥೆ ಎಂಬ ಹೆಗ್ಗಳಿಕೆ ದೊರೆತದ್ದು ಆ ಬಳಿಕ.

ಒಕ್ಕೂಟಗಳು ಏಕೆ ಬೇಕು? ಒಂದು ದೇಶದ ವಿಮಾನಸಂಸ್ಥೆ ಇನ್ನೊಂದು ದೇಶದ ಒಳಮಾರ್ಗಗಳಲ್ಲಿ ತನ್ನಿಚ್ಛೆಯಂತೆ ಹಾರುವಂತಿಲ್ಲ. ಎರಡು ಸರಕಾರಗಳ ಒಪ್ಪಂದ ಹೇಳಿದಷ್ಟೇ ಹಾರಾಟ. ವಿದೇಶಿ ಸಂಸ್ಥೆಯನ್ನು ಕೊಂಡುಕೊಳ್ಳಲೂ ಹಲವು ದೇಶಗಳ ಕಾನೂನು ಅಡ್ಡ ಬರುತ್ತದೆ. ಕೊಳ್ಳಲಾಗದವರು ಕೈಹಿಡಿಯುತ್ತಾರೆ. ಒಂದೇ ಟಿಕೆಟಿನಲ್ಲಿ ಎರಡು ಸಂಸ್ಥೆಗಳ ಪಯಣ ಮೊದಲೂ ಇತ್ತು. ಒಕ್ಕೂಟವು ಅದಕ್ಕೆ ಹೊಂದಿಕೆಯಾಗುವ ವೇಳಾಪಟ್ಟಿ, ಹಂಚಿಕೊಂಡ ವಿಮಾನಸಂಖ್ಯೆ, ಪರಸ್ಪರ ಸಲ್ಲುವ ಮೈಲುಗಳು ಮತ್ತು ವಿಶ್ರಾಂತಿ ಕೊಠಡಿಗಳನ್ನು ಸೇರಿಸಿತು.

ಇದರಿಂದ ಪ್ರಯಾಣಿಕನ ಜೇಬಿಗೆ ಲಾಭವೇ? ಉತ್ತರದ ಬೇರು 1838ರಷ್ಟು ಹಿಂದಿದೆ. ಫ್ರಾನ್ಸಿನ ಗಣಿತಜ್ಞ ಕೂರ್ನೊ ಹಿತ್ತಾಳೆಯ ಉದಾಹರಣೆ ಕೊಟ್ಟ. ತಾಮ್ರವೆಲ್ಲ ಒಬ್ಬನ ಬಳಿ, ಸತುವೆಲ್ಲ ಇನ್ನೊಬ್ಬನ ಬಳಿ ಇದ್ದು, ಇಬ್ಬರೂ ಪ್ರತ್ಯೇಕವಾಗಿ ಲಾಭ ಸೇರಿಸಿ ಮಾರಿದರೆ, ಇಬ್ಬರೂ ಕೂಡಿ ಮಾರಿದಾಗಿಗಿಂತ ಹಿತ್ತಾಳೆ ದುಬಾರಿಯಾಗುತ್ತದೆ. ದೆಹಲಿಯಿಂದ ಫ್ರಾಂಕ್‌ಫರ್ಟ್ ತಾಮ್ರವಾದರೆ, ಅಲ್ಲಿಂದ ಮುಂದಿನ ಅಮೆರಿಕದ ಸಣ್ಣ ಊರು ಸತು. ಒಕ್ಕೂಟದ ಪಾಲುದಾರರ ಇಂತಹ ಜೋಡು ಪಯಣಗಳ ದರ, ಒಕ್ಕೂಟವಿಲ್ಲದವರ ದರಕ್ಕಿಂತ ಸುಮಾರು ಕಾಲುಭಾಗ ಕಡಿಮೆಯೆಂದು ಅರ್ಥಶಾಸ್ತ್ರಜ್ಞರಾದ ಬ್ರೂಕ್ನರ್ ಮತ್ತು ವೇಲನ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಆದರೆ ಇಬ್ಬರ ಬಳಿಯೂ ತಾಮ್ರವೇ ಇದ್ದರೆ ಕಥೆ ತಿರುವುಮುರುವಾಗುತ್ತದೆ. ಒಂದೇ ಮಾರ್ಗದಲ್ಲಿ ಸ್ಪರ್ಧಿಸುತ್ತಿದ್ದ ಇಬ್ಬರು ಗೆಳೆಯರಾದಾಗ ದರ ಇಳಿಸುವ ಅಗತ್ಯ ಇಬ್ಬರಿಗೂ ಉಳಿಯುವುದಿಲ್ಲ. ಅಂದರೆ ಒಕ್ಕೂಟದ ಒಳಿತು ದೂರದ ಸಣ್ಣ ಊರಿನವನಿಗೆ. ಅದರ ಅಪಾಯ ದೊಡ್ಡ ನಗರಗಳ ನಡುವೆ ನೇರ ಹಾರುವವನಿಗೆ.

ವಡೋದರಾದಂತಹ ಊರಿಗೆ ಆದ್ದರಿಂದಲೇ ಇದು ದೂರದ ಸುದ್ದಿಯಲ್ಲ. ಇಲ್ಲಿನ ಎಷ್ಟೋ ಮನೆಗಳಲ್ಲಿ ಒಂದು ಕುರ್ಚಿ ಖಾಲಿಯಿದ್ದು, ಅದರ ಒಡೆಯ ನ್ಯೂಜೆರ್ಸಿಯಲ್ಲೋ ಲೆಸ್ಟರಿನಲ್ಲೋ ಇರುತ್ತಾನೆ. ಹರಣಿ ವಿಮಾನನಿಲ್ದಾಣದಿಂದ ದೆಹಲಿಗೆ ಹೋಗಿ, ಒಂದೇ ಟಿಕೆಟಿನಲ್ಲಿ ಸಾಗರ ದಾಟುವ ವೃದ್ಧ ತಾಯಿಗೆ ಪೆಟ್ಟಿಗೆಯ ಚಿಂತೆ ಇಲ್ಲದಿರುವುದು, ನಡುವಿನ ವಿಮಾನ ತಪ್ಪಿದರೆ ಮುಂದಿನದಕ್ಕೆ ಹತ್ತಿಸುವ ಹೊಣೆ ಇನ್ನೊಬ್ಬರದಾಗಿರುವುದು ಸಣ್ಣ ಸಂಗತಿಯಲ್ಲ. ಮರಳುವಾಗ ಮಾತ್ರ, ದೇಶದ ಮೊದಲ ನಿಲ್ದಾಣದಲ್ಲೇ ಸಾಮಾನ್ಯವಾಗಿ ಪೆಟ್ಟಿಗೆಯನ್ನು ಬಿಡಿಸಿಕೊಂಡು ಸುಂಕದ ಕಟ್ಟೆ ದಾಟಿ ಮತ್ತೆ ಒಪ್ಪಿಸಬೇಕು. ಮಿಯಾಗಾಮ್‌ನ ಹಳಿಬದಲಾವಣೆಯ ನೆರಳು ಇನ್ನೂ ಪೂರ್ತಿ ಸರಿದಿಲ್ಲ.

ಕೇಂದ್ರ ಸರಕಾರದ ನೌಕರರಿಗೆ ಈ ಕಥೆಯಲ್ಲಿ ಬೇರೊಂದು ಸ್ವಾರಸ್ಯವೂ ಉಂಟು. ಸರಕಾರಿ ವೆಚ್ಚದ ವಿಮಾನಯಾನ ಏರ್ ಇಂಡಿಯಾದಲ್ಲೇ ಆಗಬೇಕೆಂದು 2009ರ ಜುಲೈನಲ್ಲಿ ಆದೇಶವಾಯಿತು. ಅದು ಹೋಗದ ಊರಿಗೆ ಹತ್ತಿರದ ತಾಣದವರೆಗೆ ಅದರಲ್ಲೇ ಹೋಗಿ, ಮುಂದೆ ಸಾಧ್ಯವಾದಷ್ಟೂ ಅದರ ಒಕ್ಕೂಟದ ಸಂಗಾತಿಯ ವಿಮಾನ ಹಿಡಿಯಬೇಕಿತ್ತು. ಜಾಗತಿಕ ಒಕ್ಕೂಟದ ಸದಸ್ಯತ್ವ ಇನ್ನೂ ಐದು ವರ್ಷ ದೂರವಿತ್ತು. ಕಡತದಲ್ಲಿ ಸಂಗಾತಿ ಆಗಲೇ ಬಂದು ಕುಳಿತಿದ್ದ!

ಇನ್ನು ಸ್ಪರ್ಧಿಗಳ ಮಾತು. ಬೆಂಗಳೂರಿನ ಕಿಂಗ್‌ಫಿಷರ್ ಸಂಸ್ಥೆ ಒನ್‌ವರ್ಲ್ಡ್ ಒಕ್ಕೂಟವನ್ನು 2012ರ ಫೆಬ್ರವರಿ 10ರಂದು ಸೇರಬೇಕಿತ್ತು. ಕೆಲವೇ ದಿನಗಳ ಮುಂಚೆ ಅದು ಮುಂದೂಡಲ್ಪಟ್ಟಿತು. ಅಕ್ಟೋಬರಿನಲ್ಲಿ ಹಾರಾಟವೇ ನಿಂತಿತು. ಜೆಟ್ ಏರ್‌ವೇಸ್ ಒಕ್ಕೂಟದ ಬದಲು ಬಂಡವಾಳದ ನಂಟು ಹುಡುಕಿ, 2013ರಲ್ಲಿ ಶೇಕಡಾ 24ರಷ್ಟು ಪಾಲನ್ನು ಅಬುಧಾಬಿಯ ಎತಿಹಾದ್‌ಗೆ ಮಾರಿತು. 2019ರ ಏಪ್ರಿಲ್‌ನಲ್ಲಿ ಅದೂ ನೆಲಕಚ್ಚಿತು. ದುಬೈಯ ಎಮಿರೇಟ್ಸ್ ಯಾವ ಕೂಟಕ್ಕೂ ಸೇರದೆ, ಅಹಮದಾಬಾದಿನಂತಹ ನಗರಗಳಿಂದ ನೇರವಾಗಿ ಜನರನ್ನು ಒಯ್ದು ತನ್ನ ಮನೆಯಂಗಳದಲ್ಲೇ ಜಗತ್ತನ್ನು ಜೋಡಿಸಿತು. ಸೂರತ್ತಿಗೆ 2019ರಲ್ಲಿ ಶಾರ್ಜಾದ ನೇರ ವಿಮಾನ ಬಂದಾಗಲೂ ಅದನ್ನು ತಂದದ್ದು ಒಕ್ಕೂಟದ ಸದಸ್ಯನಲ್ಲ, ಅಗ್ಗದ ದರದ ಏರ್ ಇಂಡಿಯಾ ಎಕ್ಸ್‌ಪ್ರೆಸ್. ಇಂಡಿಗೋ ಒಕ್ಕೂಟದ ಹೊರಗಿದ್ದೇ ದೇಶದ ಅತಿ ದೊಡ್ಡ ಸಂಸ್ಥೆಯಾಗಿ ಬೆಳೆದು, ಟರ್ಕಿಷ್, ಕತಾರ್ ಸಂಸ್ಥೆಗಳೊಂದಿಗೆ ಬಿಡಿ ಒಪ್ಪಂದ ಮಾಡಿಕೊಂಡಿತು.

ಇವುಗಳಿಂದ ತಿಳಿಯುವುದಿಷ್ಟು: ಒಕ್ಕೂಟವು ಗಟ್ಟಿಯಿದ್ದವನ ಕೈಯನ್ನು ಉದ್ದವಾಗಿಸುತ್ತದೆ, ಕುಸಿಯುವವನನ್ನು ಎತ್ತಿ ನಿಲ್ಲಿಸುವುದಿಲ್ಲ. 2014ರ ಬಳಿಕವೂ ಏರ್ ಇಂಡಿಯಾದ ಸಾಲದ ಹೊರೆ ಕರಗಲಿಲ್ಲ. 2022ರ ಜನವರಿ 27ರಂದು ಅದು ಟಾಟಾ ಸಮೂಹಕ್ಕೇ ಮರಳಿತು. 2024ರ ನವೆಂಬರಿನಲ್ಲಿ ವಿಸ್ತಾರಾ ಅದರಲ್ಲಿ ಲೀನವಾದಾಗ ಹಳೆಯ ಸ್ಪರ್ಧಿಯೊಬ್ಬನ ಪ್ರಯಾಣಿಕರೂ ನಕ್ಷತ್ರಕೂಟದೊಳಗೆ ಬಂದರು. ಅವರಿಗೆ ಸಂಪರ್ಕ ಹೆಚ್ಚಿತು, ಆಯ್ಕೆ ಒಂದು ಕಡಿಮೆಯಾಯಿತು.

2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನದಲ್ಲಿದ್ದ 242 ಮಂದಿಯಲ್ಲಿ ಉಳಿದವರು ಒಬ್ಬರೇ. ಆ ದಿನದ ನಂತರ ಈ ಸೀಮೆಯಲ್ಲಿ ಟಿಕೆಟ್ ಎಂಬ ಪದದ ತೂಕವೇ ಬೇರೆಯಾಗಿದೆ. ಮೈಲುಗಳ ಲೆಕ್ಕ, ವಿಶ್ರಾಂತಿ ಕೊಠಡಿಯ ಸೌಕರ್ಯ, ದರದ ಸ್ಪರ್ಧೆ ಎಲ್ಲವೂ ಬೇಕು. ಆದರೆ ಟಿಕೆಟ್ ಮೂಲತಃ ಒಂದು ವಾಗ್ದಾನ. ಅದರ ಮೇಲೆ ಎಷ್ಟು ಸಂಸ್ಥೆಗಳ ಮುದ್ರೆಯಿದ್ದರೂ, ತಮ್ಮವರನ್ನು ಬೀಳ್ಕೊಟ್ಟು ಮನೆಗೆ ಮರಳುವ ಮಂದಿ ಕಾಯುವುದು ಒಂದೇ ಮಾತಿಗಾಗಿ: ತಲುಪಿದೆವು.